ದುಡಿಯಲು ಕರೆಯುತ್ತೀರಿ, ಮಾತಾಡಲೂ ಜಾಗ ಕೊಡಿ

ಬೆಳಗಾವಿಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಶಾಸಕರಿಗೆ ಹಾಗೂ ಇಲ್ಲಿಯ ಕಾಲೇಜುಗಳ ಪ್ರಾಂಶುಪಾಲರಿಗೆ,



ಮಳೆಗಾಲಕ್ಕೆ ಮೊದಲೇ ಈ ಪತ್ರ ತಮ್ಮ ಕೈಸೇರಬೇಕೆಂದು ಅವಸರದಲ್ಲಿ ಬರೆಯುತ್ತಿದ್ದೇನೆ. ನಾನು ಮಲಪ್ರಭಾ ದಂಡೆಯ ಹಳ್ಳಿಯವಳು. ಡಿಗ್ರಿ ಮುಗಿಸಿ ಹುಬ್ಬಳ್ಳಿ, ಪುಣೆ ಎಂದು ಹೋಗದೆ ಊರಲ್ಲೇ ಉಳಿದ ಕೆಲವು ಹುಡುಗ ಹುಡುಗಿಯರು ಸೇರಿ ವಾರಕ್ಕೊಮ್ಮೆ ಸಣ್ಣದೊಂದು ಧ್ವನಿ ಪತ್ರಿಕೆ ತಯಾರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇವೆ. ಬೈಲಹೊಂಗಲದಲ್ಲಿ ಹತ್ತಿಯ ಧಾರಣೆ ಏನಾಯಿತು, ಸವದತ್ತಿ ಪೇಟೆಯಲ್ಲಿ ಹೆಸರು, ಗೋವಿನಜೋಳ ಎಷ್ಟಕ್ಕೆ ಹೋಯಿತು, ನವಿಲುತೀರ್ಥದ ಆಣೆಕಟ್ಟಿನಲ್ಲಿ ನೀರು ಎಲ್ಲಿಗೆ ಬಂತು, ಯಾವ ಅರ್ಜಿಗೆ ಕೊನೆಯ ದಿನ ಯಾವುದು, ರಾಮದುರ್ಗದ ಬಸ್ಸಿನ ಹೊತ್ತು ಬದಲಾಯಿತೇ, ಹೀಗೆ. ಕೊನೆಗೆ ಊರಿನ ಹಿರಿಯರೊಬ್ಬರ ಹಾಡು.

ರೆಕಾರ್ಡಿಂಗ್ ನಡೆಯುವುದು ಒಬ್ಬರ ಮನೆಯ ಕಾಳಿನ ಕೋಣೆಯಲ್ಲಿ. ದನಿ ಗುಂಯ್‌ಗುಡಬಾರದೆಂದು ಗೋಡೆಗೆಲ್ಲ ಹಳೆಯ ಕೌದಿ ಇಳಿಬಿಟ್ಟಿದ್ದೇವೆ. ಪಕ್ಕದಲ್ಲೇ ಹಿಟ್ಟಿನ ಗಿರಣಿ. ಕರೆಂಟ್ ಇದ್ದಷ್ಟು ಹೊತ್ತು ಗಿರಣಿ ಓಡುತ್ತದೆ, ನಾವು ಕಾಯುತ್ತ ಕೂರುತ್ತೇವೆ. ಕರೆಂಟ್ ಹೋದಕೂಡಲೇ ಒಬ್ಬಳು ಮೊಬೈಲ್ ಟಾರ್ಚ್ ಹಿಡಿಯುತ್ತಾಳೆ, ಇನ್ನೊಬ್ಬಳು ಓದುತ್ತಾಳೆ. ಸೆಕೆಗೆ ಬೆವರು ಕಾಗದದ ಮೇಲೆ ಹನಿಯುತ್ತದೆ. ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಕೇಳುವವರಿದ್ದಾರೆ. ಮಗ್ಗದ ಮುಂದೆ ಕೂತ ನೇಕಾರರು, ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು, ಹಾಲಿನ ಡೇರಿಯ ಮುಂದೆ ಸಾಲು ನಿಂತವರು ಕೇಳುತ್ತಾರೆ. ಒಂದು ವಾರ ತಪ್ಪಿದರೆ ‘ಯಾಕವ್ವಾ, ಈ ವಾರ ಬರಲಿಲ್ಲಲ್ಲ’ ಎಂದು ದಾರಿಯಲ್ಲೇ ತಡೆದು ಕೇಳುತ್ತಾರೆ.

ಈ ನಾಲ್ಕು ತಾಲೂಕುಗಳ ಯುವಕರ ಬಗ್ಗೆ ಆಡಳಿತಕ್ಕೆ ಗೊತ್ತಿಲ್ಲ ಎನ್ನಲಾರೆ. ಬೇಕಾದಾಗಲೆಲ್ಲ ಕರೆ ಬರುತ್ತದೆ. ಪೋಲಿಯೊ ಹನಿ ಹಾಕುವ ದಿನ, ಮತದಾನ ಜಾಗೃತಿ ಜಾಥಾಕ್ಕೆ, ಉತ್ಸವಗಳಲ್ಲಿ ಕುರ್ಚಿ ಹಾಕುವುದಕ್ಕೆ, ಹೊಳೆ ಬಂದಾಗ ಮುದುಕರನ್ನು ಹೊತ್ತು ತರುವುದಕ್ಕೆ. ಭರತ ಹುಣ್ಣಿಮೆಯಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕರ್ನಾಟಕ, ಮಹಾರಾಷ್ಟ್ರಗಳಿಂದ ಜನಸಾಗರ ಹರಿದು ಬರುತ್ತದೆ. ಆ ಗದ್ದಲದಲ್ಲಿ ತಪ್ಪಿಸಿಕೊಂಡ ಪೋರನೊಬ್ಬ ಹಣೆತುಂಬ ಭಂಡಾರ ಬಳಿದುಕೊಂಡು ಅಳುತ್ತ ನಿಂತಿದ್ದ. ಊರ ಹೆಸರು ಕೇಳಿದರೆ ‘ಆಯಿ’ ಎನ್ನುವುದು ಬಿಟ್ಟು ಬೇರೆ ಮಾತಿಲ್ಲ. ನಮ್ಮ ಗೆಳತಿ ಅವನ ಅಂಗಿಯ ಬಣ್ಣ, ಕೊರಳ ತಾಯತ ಎರಡನ್ನೂ ಮೈಕಿನಲ್ಲಿ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೇಳುತ್ತಲೇ ಹೋದಳು. ಗಂಟಲು ಕಟ್ಟುವ ಹೊತ್ತಿಗೆ ತಾಯಿ ಜನರನ್ನು ನೂಕಿಕೊಂಡು ಓಡಿ ಬಂದಳು. ಜಾತ್ರೆ ಮುಗಿದ ಮೇಲೆ ಸ್ವಯಂಸೇವಕರಿಗೆಲ್ಲ ಪ್ರಮಾಣಪತ್ರ ಬಂತು. ಅದೇ ಗೆಳತಿ ನಮ್ಮ ಧ್ವನಿ ಪತ್ರಿಕೆಗೆ ಸಂಜೆ ಎರಡು ತಾಸು ಖಾಲಿ ಕೋಣೆ ಕೊಡಿ ಎಂದು ಒಂದು ಕಚೇರಿಗೆ ಅರ್ಜಿ ಹಿಡಿದು ಹೋದಾಗ ‘ನಿಮ್ಮದು ಯಾವ ಚಾನೆಲ್? ಐಡಿ ಕಾರ್ಡ್ ಎಲ್ಲಿ?’ ಎಂದು ಕೇಳಿ ಹೊರಗೆ ನಿಲ್ಲಿಸಿದರು. ಅರ್ಜಿ ಇನ್ನೂ ಅಲ್ಲೇ ಇದೆ.

ನಮ್ಮ ದೂರು ಇದೇ. ನಮ್ಮ ರಟ್ಟೆ ಬೇಕು, ನಮ್ಮ ಮಾತು ಬೇಡ ಎಂಬಂತೆ ನಡೆಸಿಕೊಳ್ಳುತ್ತೀರಿ.

ಹೊಳೆಯ ವಿಷಯವನ್ನೇ ತೆಗೆದುಕೊಳ್ಳಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿಯಿಂದ ರಾಮದುರ್ಗದವರೆಗೆ ದಂಡೆಯ ಊರುಗಳನ್ನು ಏನು ಮಾಡಿತೆಂದು ತಮಗೆ ಹೇಳಬೇಕಿಲ್ಲ. ಕಣಕುಂಬಿಯ ಕಡೆ ಮಳೆ ಹೊಡೆದರೆ ನವಿಲುತೀರ್ಥ ತುಂಬುತ್ತದೆ, ಅಲ್ಲಿ ಗೇಟು ಎತ್ತಿದರೆ ಕೆಳಗಿನವರ ಮನೆಗೆ ನೀರು ನುಗ್ಗುತ್ತದೆ. ಗೇಟು ಎತ್ತುವುದಕ್ಕೂ ನೀರು ನಮ್ಮೂರು ಮುಟ್ಟುವುದಕ್ಕೂ ನಡುವೆ ಸಿಗುವ ಕೆಲವು ತಾಸುಗಳೇ ನಮ್ಮ ಪಾಲಿಗೆ ಜೀವ. ಆ ತಾಸುಗಳಲ್ಲಿ ಫೋನಿಗೆ ಏನು ಬರುತ್ತದೆ? ತಾರೀಕಿಲ್ಲದ ವಿಡಿಯೊ, ಹಳೆಯ ಮಹಾಪೂರದ ಚಿತ್ರ, ಆಣೆಕಟ್ಟು ಒಡೆಯಿತು ಎಂಬ ಸುಳ್ಳು. ಅಧಿಕೃತ ಪ್ರಕಟಣೆಯೂ ಬರುತ್ತದೆ, ಆದರೆ ಹತ್ತು ಕೈ ದಾಟಿ, ಓದಲಾಗದಷ್ಟು ಮಸುಕಾಗಿ, ಇಷ್ಟು ಸಾವಿರ ಕ್ಯೂಸೆಕ್ ಎಂಬ ಒಂದೇ ಸಾಲಿನಲ್ಲಿ. ಕ್ಯೂಸೆಕ್ ಲೆಕ್ಕ ಹಿಡಿದು ಯಾವ ಅಜ್ಜಿಯೂ ಎಮ್ಮೆಯ ಹಗ್ಗ ಬಿಚ್ಚುವುದಿಲ್ಲ. ‘ರಾತ್ರಿ ಊಟದ ಹೊತ್ತಿಗೆ ಹಳೆಯ ಸೇತುವೆ ಮುಳುಗುತ್ತದೆ, ಕೆಳಗಿನ ಓಣಿಯವರು ಶಾಲೆಗೆ ಹೋಗಿರಿ’ ಎಂದು ಗೊತ್ತಿರುವ ದನಿಯೊಂದು ಹೇಳಿದರೆ ಊರೇ ಏಳುತ್ತದೆ. ಹಾಗೆ ಹೇಳಬಲ್ಲವರು ನಾವು. ಯಾವ ಓಣಿಗೆ ಮೊದಲು ನೀರು ಬರುತ್ತದೆ, ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂಬುದು ನಮಗೆ ಬಾಯಿಪಾಠ. ತಾವು ಕೊಡಬೇಕಾದದ್ದು ಹೊತ್ತಿಗೆ ಸರಿಯಾದ ಖಚಿತ ಮಾಹಿತಿ ಮಾತ್ರ.

ಹಾಗೆ ಹೇಳಲು ನಮಗೆ ಊರವರೇ ನಡೆಸುವ ಪುಟ್ಟ ರೇಡಿಯೊ, ಅಂದರೆ ಸಮುದಾಯ ಬಾನುಲಿ ಬೇಕು. ಫೋನಿನಲ್ಲೇ ಎಲ್ಲ ನಡೆಯುತ್ತದೆಯಲ್ಲ, ರೇಡಿಯೊ ಯಾಕೆ ಎಂದು ಕೇಳಬಹುದು. ಹೊಳೆ ಬಂದಾಗ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ಟವರು. ಶೆಲ್ ಹಾಕಿದ ರೇಡಿಯೊ ಆಗಲೂ ಮಾತಾಡುತ್ತದೆ.

ಕಾನೂನು ನಮ್ಮ ಪರವಾಗಿಯೇ ಇದೆ. ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. ಅದಾದ ಮೇಲೂ ಏಳೆಂಟು ವರ್ಷ ಪರವಾನಗಿ ಸಿಗದಿದ್ದಾಗ ನಮ್ಮ ರಾಜ್ಯದವರೇ ದಾರಿ ಹುಡುಕಿದರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಹೆಸರಿನಲ್ಲಿ ಹಳ್ಳಿಯ ಹೆಣ್ಣುಮಕ್ಕಳು, ಯುವಕರು ತಾವೇ ಕಾರ್ಯಕ್ರಮ ಮಾಡಿ ಕೇಬಲ್ ತಂತಿಯ ಮೂಲಕ ಮನೆಮನೆಗೆ ಮುಟ್ಟಿಸಿದರು. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರ ನವೆಂಬರ್‌ನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಮತ್ತು ಕೃಷಿ ವಿಜ್ಞಾನ ಕೇಂದ್ರಗಳಿಗೆ ಕೇಂದ್ರ ಸರ್ಕಾರ ಬಾಗಿಲು ತೆರೆಯಿತು. 2007ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸಮುದಾಯ ಬಾನುಲಿ ಆರಂಭಿಸಿತು. 2012ರಲ್ಲಿ ಸರಗೂರಿನಲ್ಲಿ ‘ಜನಧ್ವನಿ’ ಬಂತು. ಬೆಳಗಾವಿ ನಗರದಲ್ಲಿ ‘ವೇಣುಧ್ವನಿ’ ಇದೆ. ಒಳ್ಳೆಯ ಕೆಲಸಗಳೇ. ಆದರೆ ಸಮುದಾಯ ಬಾನುಲಿಗೆ ಇರುವ ಮಿತಿ 100 ವ್ಯಾಟ್ ಶಕ್ತಿ, 30 ಮೀಟರ್ ಎತ್ತರದ ಕಂಬ. ಹತ್ತು ಹನ್ನೆರಡು ಕಿಲೋಮೀಟರ್ ದಾಟಿದರೆ ದನಿ ಕ್ಷೀಣಿಸುತ್ತದೆ. ಬೆಳಗಾವಿಯಿಂದ ರಾಮದುರ್ಗಕ್ಕೆ ಸುಮಾರು 100 ಕಿಲೋಮೀಟರ್. ಧಾರವಾಡ ಆಕಾಶವಾಣಿ 1950ರಿಂದ ನಮ್ಮ ಮನೆಗಳ ಸಂಗಾತಿ, ಅದರ ಋಣ ದೊಡ್ಡದು. ಆದರೆ ಅಷ್ಟೊಂದು ಜಿಲ್ಲೆಗಳನ್ನು ನೋಡಿಕೊಳ್ಳುವ ನಿಲಯಕ್ಕೆ ನಮ್ಮ ಕೆಳಗಿನ ಓಣಿ ಕಾಣುವುದಾದರೂ ಹೇಗೆ?

ಬೈಲಹೊಂಗಲಕ್ಕೊಂದು, ಸವದತ್ತಿಗೊಂದು, ರಾಮದುರ್ಗಕ್ಕೊಂದು, ಕಿತ್ತೂರಿಗೊಂದು ಪುಟ್ಟ ನಿಲಯ ಬೇಕು. ಪರವಾನಗಿಗೆ ಅರ್ಜಿ ಹಾಕುವ ಅರ್ಹತೆ ಜಿಲ್ಲಾಡಳಿತಕ್ಕಿಲ್ಲ, ನಮ್ಮಂಥ ನೋಂದಣಿಯಾಗದ ಗುಂಪಿಗಂತೂ ಇಲ್ಲ. ಸ್ವಯಂಸೇವಾ ಸಂಸ್ಥೆಯಾದರೆ ನೋಂದಣಿಯಾಗಿ ಕನಿಷ್ಠ ಮೂರು ವರ್ಷ ಆಗಿರಬೇಕು. ಅದಕ್ಕೇ ಕಾಲೇಜುಗಳ ಪ್ರಾಂಶುಪಾಲರನ್ನೂ ಈ ಪತ್ರದಲ್ಲಿ ಕೂಗಿದ್ದೇನೆ. ತಮ್ಮ ಸಂಸ್ಥೆಗೆ ಅರ್ಹತೆ ಇದೆ. ಬೈಲಹೊಂಗಲ ಸೀಮೆಯ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಹಣ ಎಲ್ಲಿಂದ ಎಂಬ ಪ್ರಶ್ನೆಗೂ ಈಗ ಮೊದಲಿಗಿಂತ ಒಳ್ಳೆಯ ಉತ್ತರವಿದೆ. ಉಪಕರಣಗಳಿಗೆ ಕೇಂದ್ರದ ಸಹಾಯಧನವಿದೆ, 2024ರ ಹೊಸ ಮಾರ್ಗಸೂಚಿಯಲ್ಲಿ ಪರವಾನಗಿಯ ಅವಧಿ ಹತ್ತು ವರ್ಷ, ಗಂಟೆಗೆ 12 ನಿಮಿಷ ಜಾಹೀರಾತಿಗೆ ಅವಕಾಶ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟನ್ನು ಸ್ಥಳೀಯ ಜನರ ಸಹಭಾಗಿತ್ವದಲ್ಲಿ ಮಾಡಬೇಕು ಎಂಬ ನಿಯಮವಿದೆಯಲ್ಲ, ಆ ಅರ್ಧದ ಭಾರ ನಮ್ಮ ಮೇಲಿರಲಿ. ರಾಜಕೀಯ ಸುದ್ದಿ ಬಿತ್ತರಿಸಲು ಅನುಮತಿಯಿಲ್ಲ ಎಂಬುದೂ ಗೊತ್ತು. ಹವಾಮಾನ, ಪ್ರವಾಹದ ಎಚ್ಚರಿಕೆ, ನೀರು, ಕರೆಂಟ್, ಪರೀಕ್ಷೆ, ಉದ್ಯೋಗದ ಮಾಹಿತಿಯಷ್ಟು ಸಿಕ್ಕರೂ ಇಲ್ಲಿಯ ಬದುಕಿಗೆ ಅದೇ ದೊಡ್ಡದು.

ಹುಡುಗಿಯರ ಬಗ್ಗೆ ಬೇರೆಯಾಗಿ ಹೇಳಬೇಕು. ಕೈಯಲ್ಲಿ ಮೊಬೈಲ್ ಹಿಡಿದು ಓಣಿ ಓಣಿ ತಿರುಗುವ ಹುಡುಗಿಯನ್ನು ನಮ್ಮ ಕಡೆ ಜನ ಒಳ್ಳೆಯ ಕಣ್ಣಿನಿಂದ ನೋಡುವುದಿಲ್ಲ. ಒಬ್ಬಳ ಅಪ್ಪ ರೆಕಾರ್ಡಿಂಗ್‌ಗೆ ಕಳಿಸುವುದನ್ನೇ ನಿಲ್ಲಿಸಿದ್ದರು. ಅವಳು ತನ್ನ ಅಜ್ಜಿಯ ಬೀಸುಕಲ್ಲಿನ ಪದಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸಿದಳು. ಆ ವಾರ ಊರವರೆಲ್ಲ ಅಜ್ಜಿಯನ್ನು ಮಾತಾಡಿಸಲು ಬಂದರು. ಅಪ್ಪನೂ ಮೆತ್ತಗಾದರು. ಸರ್ಕಾರಿ ಕಟ್ಟಡದಲ್ಲಿ, ಎಲ್ಲರ ಕಣ್ಣೆದುರು, ಹೆಸರು ಬರೆದ ಫಲಕದ ಕೆಳಗೆ ಕೆಲಸ ಮಾಡುವಂತಿದ್ದರೆ ಇಂಥ ಎಷ್ಟೋ ಹುಡುಗಿಯರು ಮನೆಯಲ್ಲಿ ಜಗಳವಿಲ್ಲದೆ ಬರುತ್ತಾರೆ. ಆ ಖಾಲಿ ಕೋಣೆಯ ಅರ್ಜಿಯ ಹಿಂದೆ ಈ ಯೋಚನೆಯೂ ಇತ್ತು.

ಹಾಡಿನ ಮಾತು ಬಂದಿದ್ದರಿಂದ ಇನ್ನೊಂದು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನು ಜನರ ನಾಲಿಗೆಯ ಮೇಲೆ ಉಳಿಸಿದವರು ಲಾವಣಿ, ಗೀಗೀ ಪದ ಕಟ್ಟಿದ ಹಳ್ಳಿಯ ಹಾಡುಗಾರರು. ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಕಥೆ ಬೈಲಹೊಂಗಲದ್ದು. ಎಲ್ಲಮ್ಮನ ಗುಡ್ಡದ ಚೌಡಕಿ ಪದಗಳನ್ನು ಹಾಡುವ ಹಿರಿಯ ಹೆಣ್ಣುಮಕ್ಕಳು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ದನಿ ಹಿಡಿದಿಡಲು ತರಬೇತಿ ಪಡೆದ ಮಕ್ಕಳು, ಒಂದು ಒಳ್ಳೆಯ ರೆಕಾರ್ಡರ್, ಹಾಡಿದವರಿಗೆ ಮರ್ಯಾದೆಯ ಸಂಭಾವನೆ ಬೇಕು. ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡುತ್ತಾನೆ, ಏಳು ದಿನದ ಶಿಬಿರಕ್ಕೆ ಹಳ್ಳಿಗೆ ಬರುತ್ತಾನೆ. ಗಿಡಗಂಟಿ ತೆಗೆಯಲಿ, ಗುಡಿಯ ಅಂಗಳ ಗುಡಿಸಲಿ, ಬೇಡ ಎನ್ನುವುದಿಲ್ಲ. ಆ ಗಂಟೆಗಳಲ್ಲಿ ಒಂದಷ್ಟನ್ನು ಊರಿನ ಹಾಡು, ನೆನಪು, ಕೆರೆ ಬಾವಿಗಳ ಇತಿಹಾಸ ದಾಖಲಿಸುವುದಕ್ಕೆ ಎಣಿಸಿಕೊಳ್ಳಿ ಎಂದು ಪ್ರಾಂಶುಪಾಲರಲ್ಲಿ ಬೇಡಿಕೊಳ್ಳುತ್ತೇನೆ.

ಹೇಳಲು ಹಿಂಜರಿಯುತ್ತಲೇ ಒಂದು ಘಟನೆ ಹೇಳುತ್ತೇನೆ. ಗ್ರಾಮ ಸಭೆಯೊಂದರಲ್ಲಿ ನಮ್ಮ ತಂಡದ ಹುಡುಗ ಕುಡಿಯುವ ನೀರಿನ ಚರ್ಚೆಯನ್ನು ರೆಕಾರ್ಡ್ ಮಾಡುತ್ತಿದ್ದ. ಅವನ ಫೋನ್ ಕಸಿದು, ಎಲ್ಲರೆದುರಿಗೆ ಅಳಿಸಿಹಾಕಿಸಿದರು. ಅವನು ಅದೇ ಊರಿನ ಮತದಾರ. ಮಹಾಪೂರದ ವರ್ಷ ಅದೇ ಹುಡುಗ ಎದೆಮಟ್ಟದ ನೀರಿನಲ್ಲಿ ಜನರನ್ನು ದಾಟಿಸಿದ್ದ. ಅಂದಿನಿಂದ ಅವನು ಸಭೆಗೂ ಹೋಗುವುದಿಲ್ಲ, ನಮ್ಮ ಜೊತೆಗೂ ಬರುವುದಿಲ್ಲ. ಗ್ರಾಮ ಸಭೆ ಮುಚ್ಚಿದ ಬಾಗಿಲ ಹಿಂದಿನ ಸಭೆಯಲ್ಲ. ಸ್ವಯಂಸೇವಕರು ಅಲ್ಲಿಯ ಮಾತನ್ನು ದಾಖಲಿಸಿದರೆ ತಡೆಯಬಾರದು ಎಂದು ಎಲ್ಲ ಪಂಚಾಯಿತಿಗಳಿಗೆ ಒಂದು ಸುತ್ತೋಲೆ ಬರಲಿ. ಇದಕ್ಕೆ ಸರ್ಕಾರದ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.

ಕೋಣೆಗೂ ಹೆಚ್ಚು ಖರ್ಚಿಲ್ಲ. ಪಂಚಾಯಿತಿಗಳ ಅರಿವು ಕೇಂದ್ರಗಳು ಸಂಜೆ ಬಾಗಿಲು ಹಾಕುತ್ತವೆ. ತಾಲೂಕಿಗೆ ಒಂದೆರಡು ಕೇಂದ್ರಗಳಲ್ಲಿ ಸಂಜೆಯ ಹೊತ್ತು ನಮಗೆ ಕೂರಲು ಬಿಡಿ. ಬೀಗದ ಕೈ ಗ್ರಂಥಪಾಲಕರ ಬಳಿಯೇ ಇರಲಿ. ಜಾತ್ರೆಗೆ, ಉತ್ಸವಕ್ಕೆ, ಶಿಬಿರಕ್ಕೆ ಕರೆದಾಗ ಬಸ್ ಚಾರ್ಜ್, ಊಟ ಕೊಡಿ. ಕೂಲಿ ಮಾಡುವ ಮನೆಯ ಹುಡುಗರು ಕೈಯಿಂದ ಹಾಕಿಕೊಂಡು ಸೇವೆ ಮಾಡುತ್ತಿದ್ದಾರೆ, ಇದು ಹೆಚ್ಚು ದಿನ ನಡೆಯುವುದಿಲ್ಲ. ರೇಡಿಯೊ ಪರವಾನಗಿಗೆ ಮುಂದೆ ಬರುವ ಕಾಲೇಜು, ಸಂಸ್ಥೆಗಳನ್ನು ಕೂಡಿಸಿ ಜಿಲ್ಲಾಧಿಕಾರಿಗಳೇ ಒಂದು ಸಭೆ ಕರೆಯಬೇಕು. ದೆಹಲಿಗೆ ಅರ್ಜಿ ಹೋಗಿ ಅನುಮತಿ ಬರುವುದಕ್ಕೆ ಹೊತ್ತು ಹಿಡಿಯುತ್ತದೆ, ಈಗ ಶುರು ಮಾಡಿದರೆ ಮುಂದಿನ ಮಳೆಗಾಲಕ್ಕಾದರೂ ಆದೀತು.

ಈ ಮಳೆಗಾಲಕ್ಕೆ ಒಂದೇ ಒಂದು ಬೇಡಿಕೆ. ಗೇಟು ಎತ್ತುವ ಪ್ರಕಟಣೆ ತಾರೀಕು, ಹೊತ್ತು, ಮುಳುಗಬಹುದಾದ ಊರುಗಳ ಹೆಸರಿನ ಸಮೇತ, ಓದಿದವರಿಗೆಲ್ಲ ತಿಳಿಯುವ ಕನ್ನಡದಲ್ಲಿ, ದಂಡೆಯ ಊರುಗಳ ಸ್ವಯಂಸೇವಕರಿಗೆ ನೇರವಾಗಿ ಬರುವಂತಾಗಲಿ. ಯಾವ ಊರಿಗೆ ಯಾರು ಎಂಬ ಪಟ್ಟಿ ತಯಾರಿಸಿ ತಹಶೀಲ್ದಾರ್ ಕಚೇರಿಗೆ ಒಪ್ಪಿಸುತ್ತೇವೆ. ಸಭೆ ಕರೆಯುವುದಾದರೆ ದಯವಿಟ್ಟು ಬೆಳಿಗ್ಗೆ ಇಡಿ. ಸಂಜೆಯಾದರೆ ರಾಮದುರ್ಗದ ಕಡೆಯ ಹುಡುಗಿಯರಿಗೆ ತಿರುಗಿ ಹೋಗಲು ಬಸ್ಸು ಸಿಗುವುದಿಲ್ಲ.

ಇಂತಿ,
ಮಲಪ್ರಭಾ ದಂಡೆಯ ಒಬ್ಬ ಸ್ವಯಂಸೇವಕಿ