ಬೆಟ್ಟದ ಮೇಲೆ ನಗದೇ ಮರ್ಯಾದೆ

ಹತ್ತು ರೂಪಾಯಿಯ ಚಹಾಕ್ಕೂ ಮೊಬೈಲ್ ತೆಗೆದು ಸ್ಕ್ಯಾನ್ ಮಾಡುವವರು ನಾವು. ಕಳೆದ ಫೆಬ್ರುವರಿಯ ಸೆಮಿಸ್ಟರ್ ರಜೆಯಲ್ಲಿ ಮೂವರು ಗೆಳೆಯರು ನೇಪಾಳದ ಅನ್ನಪೂರ್ಣ ಬೇಸ್ ಕ್ಯಾಂಪ್ ಚಾರಣಕ್ಕೆ ಹೊರಟಾಗಲೂ ಅದೇ ಧೈರ್ಯ. 2024ರಿಂದ ಅಲ್ಲಿಯೂ ಯುಪಿಐ ಬಂದಿದೆಯಲ್ಲ! ಪೊಖರಾದ ಅಂಗಡಿಗಳಲ್ಲಿ ಅದು ನಡೆಯಿತು ಕೂಡ.

ಆದರೆ ಬೆಟ್ಟ ಹತ್ತುತ್ತಿದ್ದಂತೆ ಎಟಿಎಂ ಇಲ್ಲ, ನೆಟ್‌ವರ್ಕ್ ಇಲ್ಲ. ದಾರಿಯ ಲಾಡ್ಜ್‌ಗಳಲ್ಲಿ ನಗದು ಮಾತ್ರ. ಅಲ್ಲಿ ಕೋಣೆ ಅಗ್ಗ, ಆದರೆ ಊಟ, ತಿಂಡಿ ಅಲ್ಲೇ ಮಾಡಬೇಕು. ತಿಂದದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟು ಹೊರಡುವ ಬೆಳಿಗ್ಗೆ ಲೆಕ್ಕ ಮಾಡುತ್ತಾರೆ. ಮೇಲೆ ಹೋದಷ್ಟೂ ದಾಲ್‌ಭಾತ್ ದುಬಾರಿ. ನಾವೋ, ಕೋಣೆಯ ಬಾಡಿಗೆಯನ್ನಷ್ಟೇ ಲೆಕ್ಕ ಹಾಕಿದ್ದೆವು.

ಸುಮಾರು 3,200 ಮೀಟರ್ ಎತ್ತರದ ದೇವ್ರಾಲಿಯಲ್ಲಿ ಹಿಮ ಸುರಿದು ಎರಡು ರಾತ್ರಿ ಸಿಕ್ಕಿಕೊಂಡೆವು. ಬೇಸ್ ಕ್ಯಾಂಪ್ ಆಸೆ ಬಿಟ್ಟು ಇಳಿಯಲು ಸಿದ್ಧರಾದಾಗ ಬಿಲ್ 11,200 ನೇಪಾಳಿ ರೂಪಾಯಿ. ದಾರಿಖರ್ಚಿಗೆ ಇಟ್ಟುಕೊಂಡು ನಾವು ಕೊಡಬಹುದಾಗಿದ್ದದ್ದು 6,000. ‘ಯುಪಿಐ ಆಗಲ್ವಾ ದೀದಿ?’ ಎಂದು ಗೆಳೆಯ ಹಿಂದಿಯಲ್ಲಿ ಕೇಳಿದ. ‘ಈ ಕಾಲದಲ್ಲೂ ಕ್ಯಾಶಾ?’ ಎಂದು ನಾನು ಗೊಣಗಿದೆ. ಆಕೆ ಸಿಟ್ಟಾಗಲಿಲ್ಲ. ‘ಪೊಖರಾದಲ್ಲಿ ತಮ್ಮನ ಅಂಗಡಿಯಿದೆ, ಅವನಿಗೆ ಕೊಡಿ’ ಎಂದು ಬಾಕಿ ಬರೆದುಕೊಂಡರು.

ಅಷ್ಟರಲ್ಲಿ ಅಕ್ಕಿಮೂಟೆ ಹೊತ್ತು ತಂದವನೊಬ್ಬ ಅಂಗಳದಲ್ಲಿ ಕೂಲಿಗಾಗಿ ಕಾಯುತ್ತಿದ್ದ. ದೀದಿ ಪಕ್ಕದ ಲಾಡ್ಜ್‌ಗೆ ಹೋಗಿ ಸಾಲ ತಂದು ಅವನ ಕೈಗಿತ್ತರು. ನನ್ನ ತಲೆ ತಗ್ಗಿತು.

ಬಾಕಿ 5,200ನ್ನು, ಅಂದರೆ ನಮ್ಮ 3,250 ರೂಪಾಯಿಯನ್ನು, ಪೊಖರಾದಲ್ಲಿ ಕ್ಷಣದಲ್ಲೇ ಸ್ಕ್ಯಾನ್ ಮಾಡಿ ತೀರಿಸಿದೆವು. ಆದರೆ ಆ ಬೆಳಿಗ್ಗೆ ನಮ್ಮ ಖರ್ಚನ್ನು ಹೊತ್ತವರು ದೀದಿ. ರಸ್ತೆಯಿಲ್ಲದ ಆ ಊರಿಗೆ ಅಕ್ಕಿ, ಗ್ಯಾಸ್ ಎಲ್ಲವೂ ಬರುವುದು ಕೂಲಿಯವರ ಬೆನ್ನ ಮೇಲೆ. ಅವರಿಗೆ ಕೂಲಿ ಕೈಗೇ ಬೀಳಬೇಕು. ಹಾಗಾಗಿ ‘ನಗದು ಮಾತ್ರ’ ಎಂಬುದನ್ನು ಹಿಂದುಳಿದಿರುವಿಕೆ ಎನ್ನುವುದು ತಪ್ಪು. ಅಗ್ಗದ ಕೋಣೆ ಹುಡುಕಿಕೊಂಡು ಹೋಗುವ ನಮಗಿಂತ ಅದನ್ನು ಕೊಡುವವರ ಕೈ ಎಷ್ಟೋ ಸಲ ಬಿಗಿಯಾಗಿರುತ್ತದೆ. ಹೊಂದಿಕೊಳ್ಳಬೇಕಾದವರು ಅತಿಥಿಗಳೇ.

ನೀವು ಹೊರಡುವುದಾದರೆ ರಾತ್ರಿಗಳನ್ನು ಎಣಿಸಿ, ಪ್ರತಿ ರಾತ್ರಿಗೆ ಕೋಣೆ ಮತ್ತು ಊಟ-ತಿಂಡಿಯ ಹಣ ಸೇರಿಸಿ. ಅದರ ಮೇಲೆ ಎರಡು ರಾತ್ರಿಯ ಹಣ ಹೆಚ್ಚಿಗೆ ಇಡಿ. 100 ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ, 1993ರಿಂದ ಇದೇ ದರ. ಪೊಖರಾದಲ್ಲೇ ಚಿಲ್ಲರೆ ನೋಟು ಮಾಡಿಸಿಕೊಳ್ಳಿ. ಹಣ ಸಾಲದೆನಿಸಿದರೆ ಊಟಕ್ಕೆ ಕೂರುವ ಮೊದಲೇ ಹೇಳಿಬಿಡಿ. ನಾವು ತಿಂದಾದ ಮೇಲೆ ಹೇಳಿದ್ದೆವು.