ಎಂಜಿನ್ ಆಯಿಲೂ ನಮ್ಮ ಕಗ್ಗದಾಸಪುರದ ಓಡಾಟವೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಎಂಜಿನ್ ಆಯಿಲಿನ ಮೇಲೆ ಬರೆಯಹೊರಟಿದ್ದಾನೆಂದರೆ ವಾಚಕರು ನಕ್ಕಾರು. ನಗಲಿ. ಇತಿಹಾಸ ಓದುವವನ ಮನೆಯ ಕಾರೂ ಕೆಡುತ್ತದೆ. ಅದರ ಸಾಲದ ಕಂತನ್ನು ಆ ಮನೆಯವರೇ ಕಟ್ಟಬೇಕಾಗುತ್ತದೆ.

ನಮ್ಮ ಮನೆ ಕಗ್ಗದಾಸಪುರದಲ್ಲಿದೆ. ತಂದೆಯವರು ಕೊಂಡದ್ದು ಒಂದು ಲೀಟರಿನ ಟರ್ಬೊ ಪೆಟ್ರೋಲ್ ಕಾರು. ಬೆಳಿಗ್ಗೆ ಇಂದಿರಾನಗರಕ್ಕೆ ನಾಲ್ಕೈದು ಕಿಲೋಮೀಟರು, ಸಂಜೆ ಅಷ್ಟೇ ದೂರ ಹಿಂದಕ್ಕೆ, ಇಷ್ಟೇ ಅದರ ದಿನಚರಿ. ದೂರ ಸ್ವಲ್ಪ, ಹೊತ್ತು ಬಹಳ. ರೈಲ್ವೆ ಗೇಟು ಬಿದ್ದ ದಿನವಂತೂ ನಿಂತಲ್ಲೇ ಗೊಣಗುತ್ತಿತ್ತು. ತಂದೆಯವರು ಭಾನುವಾರ ತಪ್ಪದೆ ಡಿಪ್‌ಸ್ಟಿಕ್ ಎಳೆದು ನೋಡುವ ಶಿಸ್ತಿನವರು. "ನೋಡು, ಒಂದು ತೊಟ್ಟೂ ಕಡಿಮೆಯಾಗಿಲ್ಲ" ಎಂದು ಹಿಗ್ಗುತ್ತಿದ್ದರು. ಕೆಲವು ತಿಂಗಳಲ್ಲಿ ಆಯಿಲ್ ಮೇಲಿನ ಗೆರೆಯನ್ನೂ ದಾಟಿತು. ಆಗಲೂ ಅವರಿಗೆ ಅನುಮಾನ ಬರಲಿಲ್ಲ. ಕಡ್ಡಿಯನ್ನು ಮೂಗಿನ ಬಳಿ ಹಿಡಿದವರು ತಾಯಿ. "ಇದೇನ್ರೀ, ಪೆಟ್ರೋಲ್ ವಾಸನೆ!"

ಆದದ್ದಿಷ್ಟು. ಇಂತಹ ಎಂಜಿನ್ನುಗಳಲ್ಲಿ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುವುದುಂಟು. ಎಂಜಿನ್ ತಣ್ಣಗಿರುವಾಗ ಹೆಚ್ಚು ಪೆಟ್ರೋಲ್ ಬೇಕು. ಅದರಲ್ಲಿ ಒಂದಂಶ ಆವಿಯಾಗದೆ ಸಿಲಿಂಡರಿನ ಗೋಡೆಗೆ ಹತ್ತಿ, ಪಿಸ್ಟನ್ ರಿಂಗುಗಳ ಸಂದಿನಿಂದ ಇಳಿದು ಆಯಿಲನ್ನು ಸೇರುತ್ತದೆ. ದೂರ ಓಡಿ ಆಯಿಲ್ ಚೆನ್ನಾಗಿ ಕಾದರೆ ಬಹುಪಾಲು ಆವಿಯಾಗಿ ಹೋದೀತು. ಆದರೆ ನೀರು ಕಾದಷ್ಟು ಬೇಗ ಆಯಿಲ್ ಕಾಯುವುದಿಲ್ಲ. ಅದು ಕಾಯುವ ಮೊದಲೇ ನಮಗೆ ಇಂದಿರಾನಗರ ಬಂದುಬಿಡುತ್ತದೆ. ಟರ್ಬೊದ ದಂಡವೋ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತತಕ್ಕದ್ದು. ತೆಳ್ಳನೆಯ ಆಯಿಲ್ ಪದರವೊಂದೇ ಅದಕ್ಕೆ ಆಧಾರ. ಪೆಟ್ರೋಲ್ ಬೆರೆತು ಆ ಪದರ ನೀರಾದರೆ ಲೋಹಕ್ಕೆ ಲೋಹವೇ ಉಜ್ಜುತ್ತದೆ.

2018ರಲ್ಲಿ ಚೀನಾದಲ್ಲಿ ಹೋಂಡಾ ಸಂಸ್ಥೆ ತನ್ನ ಟರ್ಬೊ ಸಿ.ಆರ್.-ವಿ. ಕಾರುಗಳನ್ನು ಹೀಗೆ ಆಯಿಲ್ ಏರಿದ ಕಾರಣಕ್ಕೇ ದುರಸ್ತಿಗೆ ಹಿಂದಕ್ಕೆ ಕರೆಸಿತು. ಅಲ್ಲಿ ಚಳಿಯ ದೋಷವಿತ್ತು. ನಮ್ಮಲ್ಲಿ ಹಿಮವಿಲ್ಲ, ಗಿಡ್ಡ ಓಡಾಟವೊಂದೇ ಸಾಲದೆ?

ಇನ್ನು ಯಾವ ಆಯಿಲ್ ಎಂಬ ಜಗಳ. ನಮ್ಮ ಭಾವನವರು ಹಳೆಯ ಕಾಲದವರು; 20ಡಬ್ಲ್ಯೂ-50 ಹಾಕಿಸಿಬಿಡಿ, ಗಟ್ಟಿಯಾಗಿರುತ್ತದೆ ಎಂದರು. ಇಂದಿನ ಎಂಜಿನ್ನಿನ ಸಣ್ಣ ದಾರಿಗಳಿಗೆ ಅಂತಹ ಮಂದದ ಆಯಿಲ್ ತಕ್ಕುದಲ್ಲ. ತಂದೆಯವರಿಗೆ ಡಬ್ಬಿಯ ಬೆಲೆಯಲ್ಲಿ ನಂಬಿಕೆ. ನನ್ನ ಅಭಿಪ್ರಾಯ ಹೀಗಿದೆ. ಕಾರಿನ ಕೈಪಿಡಿ ಒಪ್ಪುವ ದರ್ಜೆಗಳನ್ನು ಮೀರಬಾರದು. ಅದು 0ಡಬ್ಲ್ಯೂ-20, 5ಡಬ್ಲ್ಯೂ-30 ಎರಡನ್ನೂ ಒಪ್ಪಿದರೆ ನಮ್ಮಂತಹವರು ಎರಡನೆಯದನ್ನು ಹಿಡಿಯುವುದು ಲೇಸು. ಮೊದಲ ಅಂಕೆ ಚಳಿಗೆ ಸಂಬಂಧಿಸಿದ್ದು, ಬೆಂಗಳೂರಿಗೆ ಅದರ ಹಂಗು ಕಡಿಮೆ. ಕಾದಾಗಿನ ಮಂದವನ್ನು ಹೇಳುವ ಕೊನೆಯ ಅಂಕೆ ಮುಖ್ಯ. ಪೆಟ್ರೋಲ್ ಬೆರೆತರೂ 30ರಲ್ಲಿ ಕಳೆದುಕೊಳ್ಳಲು ಕೊಂಚ ಉಳಿದಿರುತ್ತದೆ. ಡಬ್ಬಿಯ ಮೇಲೆ ಎಸ್.ಪಿ. ಅಥವಾ ಅದಕ್ಕಿಂತ ಈಚಿನ ಗುರುತೂ ಇರಲಿ. 2020ರಲ್ಲಿ ಬಂದ ಆ ದರ್ಜೆಯಲ್ಲಿ, ಟರ್ಬೊ ಎಂಜಿನ್ನಿನೊಳಗೆ ಇಂಧನ ಅಕಾಲದಲ್ಲಿ ಹೊತ್ತಿಕೊಳ್ಳುವ ಪಿಡುಗಿಗೂ ಪರೀಕ್ಷೆಯುಂಟು.

ಇಷ್ಟಾದರೂ ಜಗಳ ಇಲ್ಲಿ ನಡೆಯಬೇಕಾದದ್ದೇ ಅಲ್ಲ. ಹತ್ತು ಸಾವಿರ ಕಿಲೋಮೀಟರಿಗೆ ಅಥವಾ ವರ್ಷಕ್ಕೆ, ಯಾವುದು ಮೊದಲೋ ಆಗ ಬದಲಾಯಿಸಿ ಎಂದು ನಮ್ಮ ಕೈಪಿಡಿಯಲ್ಲಿತ್ತು. ತಂದೆಯವರು ಮೊದಲರ್ಧವನ್ನು ಮಾತ್ರ ಓದಿದ್ದರು. ವರ್ಷಕ್ಕೆ ನಮ್ಮದು ಓಡುವುದೇ ಮೂರು ಸಾವಿರ! ಕೆಳಗೆ ಸಣ್ಣಕ್ಷರದಲ್ಲಿ "ಕಠಿಣ ಬಳಕೆ" ಎಂಬ ಇನ್ನೊಂದು ಮಾತಿತ್ತು: ಗಿಡ್ಡ ಓಡಾಟ, ನಿಂತು ನಿಂತು ಸಾಗುವ ರಸ್ತೆ, ಧೂಳು, ಇವಿದ್ದಲ್ಲಿ ಅವಧಿ ಅರ್ಧ. ಕಠಿಣ ಬಳಕೆಯೆಂದರೆ ಬೆಟ್ಟ ಹತ್ತುವ ಲಾರಿಯವರದೆಂದು ನಾವು ತಿಳಿದಿದ್ದೆವು. ಗಾಲಿಯೇ ಸರಿಯಾಗಿ ಉರುಳದ ನಮ್ಮ ಕಾರಿಗೆ ಅದು ಅನ್ವಯಿಸೀತೆಂದು ಯಾರು ಬಲ್ಲರು? ಗ್ಯಾರೇಜಿನವರೂ ಮೀಟರು ನೋಡಿ, "ಇನ್ನೂ ಬೇಕಾದಷ್ಟು ಇದೆ ಸಾರ್" ಎಂದೇ ಕಳುಹಿಸಿದ್ದರು. ಸರ್ವಿಸಿಗೆ ಬರುವವರನ್ನು "ದಿನಕ್ಕೆ ಎಷ್ಟು ದೂರ ಒಂದೇ ಸಲ ಓಡಿಸುತ್ತೀರಿ?" ಎಂದು ಕೇಳುವ ಕರ್ತವ್ಯ ಅವರದಲ್ಲವೆ? ಗ್ಯಾಸ್ ಟರ್ಬೈನುಗಳನ್ನು ಸಂಶೋಧಿಸುವ ಕೇಂದ್ರ ಸರ್ಕಾರದ ಸಂಸ್ಥೆಯೇ ಪಕ್ಕದ ಸಿ.ವಿ. ರಾಮನ್ ನಗರದಲ್ಲಿದೆ, ಅದರ ನೆರೆಯವರಾದ ನಾವು ಮಾತ್ರ ಒಂದು ಬೊಗಸೆಗಾತ್ರದ ಟರ್ಬೈನಿಗೆ ಹೊತ್ತಿಗೆ ಆಯಿಲ್ ಹಾಕಿಸಲಾರದೆ ಹೋದೆವು.

ಆಯಿಲ್ ಬದಲಾಯಿಸಿದೆವು. ಈಗ ಆರು ತಿಂಗಳಿಗೊಮ್ಮೆ. ಭಾನುವಾರ ತಂದೆಯವರು ಹಳೇ ಮದ್ರಾಸು ರಸ್ತೆ ಹಿಡಿದು ಕೆ.ಆರ್. ಪುರದ ಮೇಲೆ ಹೊಸಕೋಟೆಯವರೆಗೆ ಹೋಗಿಬರುತ್ತಾರೆ. ಪೆಟ್ರೋಲ್ ದಂಡವೆಂದು ತಾಯಿಯ ಆಕ್ಷೇಪಣೆಯುಂಟು. ಆದರೂ ಕಾರು ಬಂದು ತಣಿದ ಮೇಲೆ ಕಡ್ಡಿಯನ್ನು ಮೂಸಿ ನೋಡದೆ ಅವರು ಒಳಗೆ ಹೋಗುವುದಿಲ್ಲ.