ಮಕ್ಕಳ ಖಾಸಗಿತನದ ಖರ್ಚು ಯಾರ ತಲೆಗೆ?

ಯೂಟ್ಯೂಬಿಗೆ ವಿಡಿಯೊ ಏರಿಸುವವರಿಗೆಲ್ಲ ಒಂದು ಪ್ರಶ್ನೆ ಎದುರಾಗುತ್ತದೆ. ಶೀರ್ಷಿಕೆ ಬರೆದು, ವಿವರ ತುಂಬಿ, ಥಂಬ್‌ನೇಲ್ ಹಾಕಿ ಪುಟದ ಕೆಳಗೆ ಬಂದರೆ ಎರಡು ಪುಟ್ಟ ಸೊನ್ನೆಗಳು ಕಾಣುತ್ತವೆ. ಒಂದರ ಪಕ್ಕ ‘ಹೌದು, ಇದು ಮಕ್ಕಳಿಗಾಗಿ ಮಾಡಿದ್ದು’ ಎಂದಿರುತ್ತದೆ, ಇನ್ನೊಂದರ ಪಕ್ಕ ‘ಅಲ್ಲ’ ಎಂದು. ಯಾವುದನ್ನೂ ಒತ್ತದಿದ್ದರೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಅಡುಗೆ ವಿಡಿಯೊದವರು, ರಾಜಕೀಯ ಮಾತನಾಡುವವರು ಯೋಚನೆಯೇ ಇಲ್ಲದೆ ‘ಅಲ್ಲ’ ಒತ್ತುತ್ತಾರೆ. ಕೈ ತಡೆಯುವುದು ಪುಟ್ಟ ಮಕ್ಕಳಿಗೆಂದು ಕನ್ನಡದಲ್ಲಿ ಕಥೆ, ಪದ್ಯ, ಅಕ್ಷರಮಾಲೆ ಮಾಡುವವರಿಗೆ. ‘ಹೌದು’ ಎಂದರೆ ಆದಾಯಕ್ಕೆ ಕತ್ತರಿ ಬೀಳುತ್ತದೆ, ‘ಅಲ್ಲ’ ಎಂದರೆ ಸುಳ್ಳು ಹೇಳಿದಂತಾಗುತ್ತದೆ.

ಈ ಪ್ರಶ್ನೆ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ 1998ರಲ್ಲಿ ಮಾಡಿದ, ‘ಕೊಪ್ಪಾ’ ಎಂದು ಕರೆಯುವ ಕಾಯ್ದೆಯ ಪ್ರಕಾರ 13 ವರ್ಷದೊಳಗಿನ ಮಗುವಿನ ವೈಯಕ್ತಿಕ ಮಾಹಿತಿಯನ್ನು ಹೆತ್ತವರ ಒಪ್ಪಿಗೆ ಇಲ್ಲದೆ ಸಂಗ್ರಹಿಸುವಂತಿಲ್ಲ. 2013ರ ತಿದ್ದುಪಡಿಯಿಂದೀಚೆಗೆ ಹೆಸರು, ವಿಳಾಸದ ಜೊತೆಗೆ ಫೋನು, ಬ್ರೌಸರುಗಳ ಗುರುತು ಹಿಡಿದು ಬೆನ್ನು ಹತ್ತುವ ಕುಕಿಗಳೂ ವೈಯಕ್ತಿಕ ಮಾಹಿತಿಯೇ. ಯೂಟ್ಯೂಬ್ ಒಂದು ಕಡೆ ತನ್ನದು ಸಾಮಾನ್ಯ ವೀಕ್ಷಕರ ತಾಣ ಎನ್ನುತ್ತಿತ್ತು. ಇನ್ನೊಂದು ಕಡೆ ಮ್ಯಾಟೆಲ್, ಹ್ಯಾಸ್‌ಬ್ರೊದಂಥ ಆಟಿಕೆ ಕಂಪನಿಗಳ ಮುಂದೆ, ಮಕ್ಕಳನ್ನು ತಲುಪಬೇಕಾದರೆ ನಮ್ಮಲ್ಲಿಗೇ ಬನ್ನಿ ಎಂದು ಜಾಹೀರಾತಿನ ವ್ಯಾಪಾರ ಕುದುರಿಸುತ್ತಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಯಾರ್ಕ್ ರಾಜ್ಯ ಇದನ್ನು ಹಿಡಿದವು. 2019ರ ಸೆಪ್ಟೆಂಬರ್ 4ರಂದು ಗೂಗಲ್ 17 ಕೋಟಿ ಡಾಲರ್ ಕೊಟ್ಟು ರಾಜಿಗೆ ಒಪ್ಪಿತು. ರಾಜಿಯ ಷರತ್ತಿನಂತೆ, ಯಾವ ವಿಡಿಯೊ ಮಕ್ಕಳದ್ದು ಎಂದು ಹೇಳುವ ಹೊಣೆ ವಿಡಿಯೊ ಮಾಡಿದವರ ಹೆಗಲೇರಿತು. ಕಂಪನಿ ಅವರಿಗೆ ಕೊಟ್ಟದ್ದು ನಾಲ್ಕು ತಿಂಗಳ ಗಡುವು. 2020ರ ಜನವರಿಯಿಂದ ಇದು ಜಗತ್ತಿಗೆಲ್ಲ ಅನ್ವಯವಾಯಿತು. ಮೈಸೂರಿನಲ್ಲಿ ಕೂತವರಿಗೂ ಅಮೆರಿಕದ ಕಾಯ್ದೆಯೇ ನಿಯಮವಾಯಿತು.

‘ಹೌದು’ ಒತ್ತಿದ ವಿಡಿಯೊದಲ್ಲಿ ವೀಕ್ಷಕರ ಅಭಿರುಚಿ ನೋಡಿ ತೋರಿಸುವ ಜಾಹೀರಾತು ನಿಲ್ಲುತ್ತದೆ. ವಿಡಿಯೊದ ವಿಷಯಕ್ಕೆ ಹೊಂದುವ ಜಾಹೀರಾತು ಮಾತ್ರ ಬರಬಹುದು, ಅದರ ದರ ಕಡಿಮೆ. ತಿನಿಸು, ಪಾನೀಯಗಳ ಜಾಹೀರಾತಿಗಂತೂ ಅಲ್ಲಿ ಜಾಗವೇ ಇಲ್ಲ. ಕಮೆಂಟು ಮುಚ್ಚುತ್ತದೆ. ಹೊಸ ವಿಡಿಯೊ ಬಂತೆಂದು ತಿಳಿಸುವ ಬೆಲ್ ಕೆಲಸ ಮಾಡುವುದಿಲ್ಲ. ಕೊನೆಯಲ್ಲಿ ‘ಮುಂದಿನ ಕಥೆ ಇಲ್ಲಿದೆ’ ಎಂದು ತೋರಿಸುವ ಪರದೆಯೂ ಇರುವುದಿಲ್ಲ. ದುಡ್ಡಿನ ಜೊತೆಗೆ ನೋಡುಗರ ನಂಟೂ ಕಡಿಯುತ್ತದೆ.

ಮೈಸೂರಿನ ಕುವೆಂಪುನಗರದ ಮನೆಯೊಂದರಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಇಂಥ ಚಾನೆಲ್ ನಡೆಸುತ್ತಿದ್ದಾರೆ ಎಂದುಕೊಳ್ಳಿ. ಒಂದು ಮೊಬೈಲು, ಟ್ರೈಪಾಡು, ಕಾಲರ್ ಮೈಕು, ಕಿಟಕಿಯ ಬೆಳಕು. ಹಿಂದಿನ ಗೋಡೆಗೆ ಬಣ್ಣದ ಸೀರೆಯೇ ಪರದೆ. ಏಳು ನಿಮಿಷದ ಕಥೆಗೆ ಚಿತ್ರ ಬರೆದು, ಧ್ವನಿ ಹೊಂದಿಸಿ, ಎಡಿಟ್ ಮಾಡಿ ಮುಗಿಸುವಷ್ಟರಲ್ಲಿ ವಾರ ಉರುಳಿರುತ್ತದೆ. ಉದ್ದದ ವಿಡಿಯೊಗಳ ಜಾಹೀರಾತು ಆದಾಯದಲ್ಲಿ ತಯಾರಕರ ಪಾಲು ಶೇ 55. ಆದರೆ ಖಾತೆಯಲ್ಲಿ 100 ಡಾಲರ್ ಕೂಡುವವರೆಗೆ ಹಣ ಬ್ಯಾಂಕಿಗೆ ಬರುವುದಿಲ್ಲ. ಕನ್ನಡದ ಜಾಹೀರಾತು ದರ ಮೊದಲೇ ಇಂಗ್ಲಿಷಿನ ಮುಂದೆ ಎಷ್ಟೋ ಕೆಳಗೆ. ಅದರಲ್ಲೂ ಒಂದು ಪಾಲು ಕಡಿದರೆ ಆ 100 ಡಾಲರಿಗೆ ಅವರು ಕಾಯಬೇಕಾದ ತಿಂಗಳುಗಳು ಇನ್ನಷ್ಟು ಹೆಚ್ಚುತ್ತವೆ. ಬೆಂಗಳೂರಿನ ಇನ್ಫೋಬೆಲ್ಸ್‌ನಂಥ ಕಂಪನಿಗಳು ಅನೇಕ ಭಾಷೆಗಳಲ್ಲಿ ಶಿಶುಗೀತೆಗಳನ್ನು ಅನಿಮೇಷನ್ ಮಾಡಿ ಒಂದು ಭಾಷೆಯ ನಷ್ಟವನ್ನು ಇನ್ನೊಂದರಲ್ಲಿ ತುಂಬಿಕೊಳ್ಳಬಹುದು. ಒಬ್ಬರೇ ಕೂತು ಕನ್ನಡದಲ್ಲಿ ಮಾತ್ರ ಮಾಡುವವರಿಗೆ ಆ ದಾರಿ ಇಲ್ಲ.

ಕನ್ನಡದ ಮಟ್ಟಿಗೆ ಇದರಲ್ಲಿ ಇನ್ನೊಂದು ಪೆಟ್ಟೂ ಇದೆ. ನ್ಯೂಜೆರ್ಸಿ, ಡಲ್ಲಾಸ್, ಕ್ಯಾಲಿಫೋರ್ನಿಯಾಗಳ ಕನ್ನಡ ಮನೆಗಳಲ್ಲಿ ಮಕ್ಕಳು ಕನ್ನಡ ಕೇಳಿಸಿಕೊಳ್ಳುವುದೇ ಹೆಚ್ಚಾಗಿ ಈ ವಿಡಿಯೊಗಳಲ್ಲಿ. ಅಜ್ಜಿ ದೂರ, ಶಾಲೆ ಇಂಗ್ಲಿಷು, ಕನ್ನಡ ಕೂಟದ ತರಗತಿ ವಾರಕ್ಕೊಮ್ಮೆ. ಅಮೆರಿಕದಿಂದ ಬರುವ ಒಂದು ವೀಕ್ಷಣೆಗೆ ಸಿಗುವ ಜಾಹೀರಾತು ಹಣ, ಮಂಡ್ಯದಿಂದಲೋ ಹುಣಸೂರಿನಿಂದಲೋ ಬರುವ ವೀಕ್ಷಣೆಗಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಸಣ್ಣ ಕನ್ನಡ ಚಾನೆಲ್ಲಿಗೆ ಆ ಮನೆಗಳು ದೊಡ್ಡ ಆಸರೆಯಾಗಿದ್ದವು. ಕತ್ತರಿ ಬಿದ್ದದ್ದು ಆ ಆಸರೆಗೂ ಸೇರಿಸಿ.

ಯಾವುದು ಮಕ್ಕಳ ವಿಡಿಯೊ ಎಂಬ ಗೆರೆಯೂ ಸ್ಪಷ್ಟವಿಲ್ಲ. ದಸರೆಯ ಹೊತ್ತಿಗೆ ನಮ್ಮ ಮೈಸೂರಿನ ಚಾನೆಲ್‌ಗಳಲ್ಲಿ ಬೊಂಬೆ ಕೂರಿಸುವ ವಿಡಿಯೊಗಳು ತುಂಬಿರುತ್ತವೆ. ಪಟ್ಟದ ಬೊಂಬೆ, ಮರದ ಆನೆ ಕುದುರೆ, ಅಂಗಡಿ ಇಟ್ಟ ಶೆಟ್ಟರು, ಮಣ್ಣಿನ ಹಣ್ಣುತರಕಾರಿ. ಇದನ್ನು ಮಾಡುವವರೂ ನೋಡುವವರೂ ಬಹುಪಾಲು ಗೃಹಿಣಿಯರು. ಆದರೆ ಬಣ್ಣ, ಆಟಿಕೆ, ಹಾಡು, ಪುಟ್ಟ ಮಗುವಿನ ಮುಖ, ಇವೆಲ್ಲ ಮಕ್ಕಳ ವಿಡಿಯೊ ಎಂದು ಗುರುತಿಸುವ ಲಕ್ಷಣಗಳ ಪಟ್ಟಿಯಲ್ಲಿವೆ. ತಯಾರಕರು ‘ಅಲ್ಲ’ ಎಂದರೂ ಯೂಟ್ಯೂಬಿನ ಯಂತ್ರ ‘ಹೌದು’ ಎಂದು ಬದಲಿಸಬಹುದು. ಅರಮನೆ ಅಂಗಳದಲ್ಲಿ ಗಜಪಡೆಗೆ ಸ್ನಾನ ಮಾಡಿಸುವ ವಿಡಿಯೊ, ಮೃಗಾಲಯದ ಜಿರಾಫೆ ಮರಿಯ ವಿಡಿಯೊ, ಮಾತು ತಡವಾದ ಮಗುವಿಗೆ ಮನೆಯಲ್ಲಿ ಏನು ಆಡಿಸಬೇಕು ಎಂದು ತಾಯಂದಿರಿಗೆ ಹೇಳಿಕೊಡುವ ವಿಡಿಯೊ, ಎಲ್ಲದಕ್ಕೂ ಇದೇ ಗೊಂದಲ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ಊರು ನಮ್ಮದು. ಕೊನೆಯ ಬಗೆಯ ವಿಡಿಯೊದ ಬೆಲೆ ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಕಮೆಂಟು ಮುಚ್ಚಿದರೆ ತಾಯಿಯೊಬ್ಬಳು ತನ್ನ ಸಂದೇಹ ಕೇಳುವ ಜಾಗವೇ ಹೋಗುತ್ತದೆ.

ಒಟ್ಟು ಪರಿಣಾಮ ಏನಾಯಿತು ಎಂದು ಅಮೆರಿಕದ ಅರ್ಥಶಾಸ್ತ್ರಜ್ಞರು ಅಲ್ಲಿನ 5,066 ದೊಡ್ಡ ಚಾನೆಲ್‌ಗಳನ್ನು ಇಟ್ಟುಕೊಂಡು ಅಧ್ಯಯನ ಮಾಡಿದ್ದಾರೆ. ಮಕ್ಕಳ ಚಾನೆಲ್‌ಗಳು ಹಾಕುವ ವಿಡಿಯೊಗಳು ಶೇ 13ರಷ್ಟು ಇಳಿದವು, ವೀಕ್ಷಣೆ ಶೇ 22ರಷ್ಟು ಬಿತ್ತು. ಹಲವರು ಮಕ್ಕಳದ್ದಲ್ಲದ ವಿಡಿಯೊಗಳ ಕಡೆ ಹೊರಳಿದರು. ಸ್ವಂತದ, ಹೊಸತಾದ ಕೃತಿಗಳ ಪಾಲೂ ಕಡಿಮೆಯಾಯಿತು. ಮಕ್ಕಳನ್ನು ಕಾಯಲು ತಂದ ನಿಯಮದಿಂದ ಮಕ್ಕಳಿಗೆ ಸಿಗುವ ಒಳ್ಳೆಯದೇ ಸೊರಗಿತು.

ಹಾಗೆಂದು ನಿಯಮವೇ ತಪ್ಪು ಎನ್ನುವವನಲ್ಲ ನಾನು. ಆರು ವರ್ಷದ ಮಗು ಏನು ನೋಡಿ ನಕ್ಕಿತು, ಎಲ್ಲಿ ತಡೆದು ನಿಂತಿತು, ಯಾವ ಬೊಂಬೆಯನ್ನು ಮತ್ತೆ ಮತ್ತೆ ನೋಡಿತು ಎಂದು ಲೆಕ್ಕ ಬರೆದಿಟ್ಟು ಮಾರುವುದು ಅನ್ಯಾಯ. ಅದರಿಂದ ಬರುವ ದುಡ್ಡು ಕಥೆ ಹೇಳುವ ಟೀಚರಿಗೂ ಬೇಡ. ನನ್ನ ತಕರಾರು ಖರ್ಚಿನ ಹಂಚಿಕೆಯದು. ಮಾಹಿತಿ ಕಲೆಹಾಕಿದ್ದು ಕಂಪನಿ, ಲಾಭ ಉಂಡಿದ್ದು ಕಂಪನಿ. ದಂಡ ಕಟ್ಟಿದ ಮೇಲೂ ಅದರ ವ್ಯವಹಾರ ಬೆಳೆಯುತ್ತಲೇ ಹೋಯಿತು. ಮಗುವಿನ ಒಂದು ಕುಕಿಯನ್ನೂ ಕಣ್ಣಿಂದ ಕಾಣದ ಟೀಚರ್ ಮಾತ್ರ ತಿಂಗಳು ತಿಂಗಳೂ ತೆರುತ್ತಿದ್ದಾರೆ. ಮಕ್ಕಳ ಒಳ್ಳೆಯ ವಿಡಿಯೊಗಳಿಗೆಂದು ಯೂಟ್ಯೂಬ್ ಆಗ ಮೂರು ವರ್ಷಕ್ಕೆ 10 ಕೋಟಿ ಡಾಲರಿನ ನಿಧಿ ಘೋಷಿಸಿತ್ತು. ಜಗತ್ತಿಗೆಲ್ಲ ಹಂಚಬೇಕಾದ ಆ ಹಣ ಬೀದಿಬೀದಿಯ ಸಣ್ಣ ತಯಾರಕರ ಕೈಗೆ ಎಟಕುವಂಥದ್ದಾಗಿರಲಿಲ್ಲ.

ಅದೇ ಹೊತ್ತಿಗೆ ದೊಡ್ಡವರು ನುಸುಳುವ ಸಂದಿ ಹುಡುಕಿಕೊಂಡರು. ಮಕ್ಕಳ ವಿಡಿಯೊಗಳಿಗೆ ಸರಿಯಾದ ಗುರುತು ಹಾಕಲಿಲ್ಲ ಎಂಬ ಆರೋಪದಲ್ಲಿ ಡಿಸ್ನಿ 2025ರ ಸೆಪ್ಟೆಂಬರಿನಲ್ಲಿ ಒಂದು ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಡಿಸ್ನಿಗೆ ಅದೊಂದು ದೊಡ್ಡ ಮೊತ್ತವೇ ಅಲ್ಲ. ಕುವೆಂಪುನಗರದ ಟೀಚರ್ ಗುರುತು ತಪ್ಪಿಸಿ ಸಿಕ್ಕಿಬಿದ್ದರೆ ಚಾನೆಲ್ಲೇ ಹೋಗಬಹುದು.

ಈ ಎಲ್ಲ ಗದ್ದಲದಲ್ಲಿ ಇನ್ನೊಂದು ಮಗು ಮರೆತೇಹೋಗಿದೆ. ನಿಯಮ ಕಾಯುವುದು ವಿಡಿಯೊ ನೋಡುವ ಮಗುವನ್ನು. ವಿಡಿಯೊದಲ್ಲಿ ಕಾಣಿಸುವ ಮಗುವಿನ ಕಥೆ ಏನು? ಬೆಳಗ್ಗೆ ಎದ್ದದ್ದು, ಹಟ ಮಾಡಿ ಅತ್ತದ್ದು, ಜ್ವರ ಬಂದದ್ದು, ಎಲ್ಲವನ್ನೂ ಹೆತ್ತವರೇ ರೀಲ್ಸ್ ಮಾಡುತ್ತಾರೆ. ನಮ್ಮ ಬಾಲಕಾರ್ಮಿಕ ನಿಯಮಗಳಿಗೆ 2017ರಲ್ಲಿ ಮಾಡಿದ ತಿದ್ದುಪಡಿಯಂತೆ ಬಾಲಕಲಾವಿದರು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಗಳಿಕೆಯ ಕನಿಷ್ಠ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಸಿನಿಮಾ, ಧಾರಾವಾಹಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಆ ನಿಯಮವನ್ನು ಮನೆಯ ಹಜಾರದಲ್ಲಿ ನಡೆಯುವ ಶೂಟಿಂಗಿಗೆ ಯಾರು ಅಳೆದು ನೋಡುತ್ತಾರೆ? ಫ್ರಾನ್ಸ್ 2020ರಲ್ಲೇ ಇದಕ್ಕೆ ಪ್ರತ್ಯೇಕ ಕಾನೂನು ಮಾಡಿತು. ಬೊಂಬೆ ಹಿಡಿದು ಕಥೆ ಹೇಳುವವರ ಆದಾಯಕ್ಕೆ ಕತ್ತರಿ ಹಾಕಿ, ಮಗುವಿನ ಅಳುವನ್ನೇ ‘ಫ್ಯಾಮಿಲಿ ವ್ಲಾಗ್’ ಎಂದು ಮಾರುವವರಿಗೆ ಪೂರ್ತಿ ಜಾಹೀರಾತು ದರ ಕೊಡುವುದು ಯಾವ ನ್ಯಾಯ?

ಈಗ ನಮ್ಮ ದೇಶದ ಕಾಯ್ದೆಯ ಸರದಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟಿನಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಕಾಲಾವಕಾಶವಿದೆ, ಅಂದರೆ 2027ರ ಮೇ ತಿಂಗಳು. ಅಮೆರಿಕದಲ್ಲಿ ಮಗು ಎಂದರೆ 13ರ ಒಳಗಿನವರು, ನಮ್ಮಲ್ಲಿ 18ರ ಒಳಗಿನ ಎಲ್ಲರೂ. ಕಾಯ್ದೆಯ 9ನೇ ಕಲಂನಂತೆ ಮಕ್ಕಳ ಮಾಹಿತಿ ಬಳಸಲು ಹೆತ್ತವರ ಖಚಿತ ಒಪ್ಪಿಗೆ ಬೇಕು, ಅವರ ಚಲನವಲನ ಹಿಂಬಾಲಿಸುವಂತಿಲ್ಲ, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದೇ ಈ ಕಾಯ್ದೆಯ ಬುನಾದಿ. ಆ ಪ್ರಕರಣದಲ್ಲಿ ಹೆಸರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಮಹಾರಾಜ ಕಾಲೇಜಿನಲ್ಲಿ ಓದಿದವರು. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದ ಎಷ್ಟೋ ವರ್ಷಗಳ ಮೇಲೆ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯಕ್ಕೆ ಅರ್ಜಿ ಹಾಕಿದರು. ಆ ಹಕ್ಕು ನಮ್ಮ ಮಕ್ಕಳಿಗೂ ಸಿಗಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ 18ರ ಗೆರೆ ಎಳೆದಾಗ ಪದ್ಯ, ಕಥೆಗಳ ಜೊತೆಗೆ ಎಸ್ಸೆಸ್ಸೆಲ್ಸಿ ಗಣಿತ, ಪಿಯುಸಿ ಭೌತಶಾಸ್ತ್ರವನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರೂ ಆ ಗೆರೆಯೊಳಗೆ ಬರುತ್ತಾರೆ. ಟ್ಯೂಷನ್ನಿಗೆ ದುಡ್ಡಿಲ್ಲದ ಎಚ್.ಡಿ. ಕೋಟೆಯ ಹುಡುಗಿ ಪರೀಕ್ಷೆಯ ಹಿಂದಿನ ರಾತ್ರಿ ನೋಡುವುದು ಇವರ ಪಾಠ. ಆಕೆ ನೋಡುವುದು ಅಪ್ಪನ ಫೋನಿನಲ್ಲಿ, ಖಾತೆ ಅಪ್ಪನದು. ವಯಸ್ಸು ಪರಿಶೀಲಿಸಲು ಡಿಜಿಲಾಕರ್‌ನಂಥ ದಾರಿಗಳನ್ನು ನಿಯಮ ತೋರಿಸುತ್ತದೆ. ಒಂದೇ ಫೋನನ್ನು ನಾಲ್ಕು ಜನ ಹಂಚಿಕೊಳ್ಳುವ ಮನೆಗೆ ಅದು ಹೇಗೆ ಹೊಂದುತ್ತದೆ ಎಂಬ ಯೋಚನೆ ಅಲ್ಲಿಲ್ಲ. ಮಕ್ಕಳ ಮಾಹಿತಿಯನ್ನು ಸುರಕ್ಷಿತವಾಗಿ ನಿಭಾಯಿಸುವ ಸಂಸ್ಥೆಗಳಿಗೆ ವಯೋಮಿತಿ ಇಳಿಸುವ ಅಧಿಕಾರವನ್ನು 9ನೇ ಕಲಂ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಪಾಠದ ವಿಡಿಯೊಗಳ ಮಟ್ಟಿಗೆ ಅದನ್ನು ಬಳಸಬೇಕೆಂದು ರಾಜ್ಯದ ಶಿಕ್ಷಣ ಇಲಾಖೆ ಈಗಲೇ ಕೇಳಬೇಕು. ಬೇಹುಗಾರಿಕೆಗೆ ವಿನಾಯಿತಿ ಬೇಡ. ಹೆಜ್ಜೆಹೆಜ್ಜೆಗೂ ಒಪ್ಪಿಗೆ ಕೇಳಿ ಪಾಠದ ಬಾಗಿಲು ಮುಚ್ಚುವುದು ತಪ್ಪಿದರೆ ಸಾಕು.

ಇನ್ನು ದುಡ್ಡಿನ ವಿಷಯ. ಮಗುವಿನ ಬೆನ್ನು ಹತ್ತದ ಜಾಹೀರಾತಿಗೆ ಒಳ್ಳೆಯ ದರ ಕೊಡುವವರು ಬೇಕು. ಆನ್‌ಲೈನ್ ಮಾಧ್ಯಮಕ್ಕೆ ಸರ್ಕಾರಿ ಜಾಹೀರಾತು ಕೊಡಲು ರಾಜ್ಯ ಸರ್ಕಾರ 2024ರಲ್ಲಿ ಮಾರ್ಗಸೂಚಿ ಮಾಡಿದೆ. ಅದರಲ್ಲಿ ಒಂದು ಪಾಲು ಕನ್ನಡದ ಮಕ್ಕಳ ಚಾನೆಲ್‌ಗಳಿಗೆ ಮೀಸಲಿರಲಿ. ಪುಸ್ತಕ ಪ್ರಾಧಿಕಾರದ ಮಕ್ಕಳ ಪುಸ್ತಕ, ರಂಗಾಯಣದ ಚಿನ್ನರ ಮೇಳ, ಮೃಗಾಲಯ, ಲಸಿಕೆ ಅಭಿಯಾನ, ಇವುಗಳ ಪ್ರಕಟಣೆ ಕಥೆಯ ಮೊದಲು ಬಂದರೆ ಮಗುವಿನ ಹೆಸರೂ ಊರೂ ಯಾರಿಗೂ ಬೇಕಾಗುವುದಿಲ್ಲ. ಗ್ರಂಥಾಲಯ ಇಲಾಖೆ ಪುಸ್ತಕಗಳನ್ನು ಸಗಟು ಖರೀದಿ ಮಾಡುವಂತೆ ಒಳ್ಳೆಯ ವಿಡಿಯೊಗಳನ್ನೂ ಖರೀದಿಸಿ ಅಂಗನವಾಡಿಗಳಿಗೆ ಕೊಡಬಹುದು. ಕೋವಿಡ್ ಕಾಲದಲ್ಲಿ ಚಂದನ ವಾಹಿನಿಯ ‘ಸಂವೇದ’ ಪಾಠಗಳನ್ನು ಇದೇ ಸರ್ಕಾರಿ ವ್ಯವಸ್ಥೆ ಮಾಡಿ ತೋರಿಸಿದೆ. ನಂಜನಗೂಡು ತಾಲ್ಲೂಕಿನ ಇಮ್ಮಾವಿನಲ್ಲಿ ಚಿತ್ರನಗರಿ ಕಟ್ಟುವ ಯೋಜನೆ ಇದೆ. ಅಲ್ಲಿ ಮಕ್ಕಳ ವಿಡಿಯೊ ಮಾಡುವವರಿಗೆ ಕಡಿಮೆ ಬಾಡಿಗೆಯ ಒಂದು ಸ್ಟುಡಿಯೊ ಕೇಳುವುದು ದೊಡ್ಡ ಬೇಡಿಕೆಯಲ್ಲ.

ಮೈಸೂರಿಗೆ ಇದು ಹೊಸ ದಾರಿಯೂ ಅಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಸ್ವಂತ ಖರ್ಚಿನಲ್ಲಿ, ಸ್ವಂತ ಮನೆ ‘ವಿಠ್ಠಲ ವಿಹಾರ’ದಿಂದಲೇ ರೇಡಿಯೊ ಪ್ರಸಾರ ಶುರುಮಾಡಿದರು. ಅದೇ ‘ಆಕಾಶವಾಣಿ’ ಆಯಿತು. ಕೈಯಿಂದ ಹಾಕುವ ದುಡ್ಡಿನಲ್ಲಿ ಅಂಥ ಕೆಲಸ ಬಹಳ ದಿನ ನಡೆಯದು ಎಂದು ನಗರಸಭೆ ನೆರವಾಯಿತು. 1940ರ ದಶಕದ ಆರಂಭದಲ್ಲಿ ಸಂಸ್ಥಾನವೇ ಅದನ್ನು ವಹಿಸಿಕೊಂಡಿತು. ಮನೆಯ ಕೋಣೆಯಿಂದ ಊರಿಗೆ ಬೇಕಾದ ಕೆಲಸ ಮಾಡುವವರನ್ನು ಗುರುತಿಸಿ ಕೈಹಿಡಿಯುವ ಬುದ್ಧಿ ಆಗಿನ ಆಡಳಿತಕ್ಕಿತ್ತು. 2027ರ ಮೇ ತಿಂಗಳಿಗೆ ಮೊದಲು ಈಗಿನ ಆಡಳಿತ ಅಷ್ಟು ಮಾಡಲಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಶಿಕ್ಷಣ ಇಲಾಖೆ, ವಾರ್ತಾ ಇಲಾಖೆ ಮೂರೂ ಮೊದಲು ಇಂಥ ಚಾನೆಲ್ ನಡೆಸುವವರನ್ನು ಕರೆದು ಕೂರಿಸಿ, ಅವರ ಲೆಕ್ಕಪತ್ರ ನೋಡಲಿ. ಬಜೆಟ್ ಪ್ರಸ್ತಾವ ಬರೆಯುವುದು ಆಮೇಲೆ.